ನಲವತ್ತೈದನೇ ಸ್ಥಾನವನ್ನು ಹೇಗೆ ಓದಬೇಕು?

ಪ್ರಶ್ನೆ: ನಾನು ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕಿ. ಉಪಜಿಲ್ಲಾ ರಸಪ್ರಶ್ನೆಗೆ ಮಕ್ಕಳನ್ನು ತಯಾರು ಮಾಡುವಾಗ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನ ಪ್ರಸ್ತಾಪ ಬಂತು. ಭಾರತದಿಂದ ಹೋದದ್ದು ಒಬ್ಬರೇ, ಅವರಿಗೆ ಸಿಕ್ಕಿದ್ದು 45ನೇ ಸ್ಥಾನ ಎಂದಾಗ ತರಗತಿಯೆಲ್ಲ ನಕ್ಕಿತು. ನಗದೆ ಕುಳಿತಿದ್ದ ಒಬ್ಬ ಹುಡುಗಿ, ‘ಟೀಚರ್, ಹಿಮವನ್ನೇ ನೋಡದ ನಾವು ಆ ಆಟಗಳಿಗೆ ಹೋಗುವುದಕ್ಕೆ ಸಾಧ್ಯವೇ ಇಲ್ಲವೇ?’ ಎಂದು ಕೇಳಿದಳು. ನಕ್ಕವರಿಗೂ ಕೇಳಿದವಳಿಗೂ ಏನು ಹೇಳಲಿ?

ಉತ್ತರ: ನಕ್ಕ ಮಕ್ಕಳನ್ನು ಗದರಿಸಬೇಡಿ. ಸ್ಥಾನದ ಸಂಖ್ಯೆಯನ್ನು ಮಾತ್ರ ಕೇಳಿದವರಿಗೆ ನಗು ಬರುವುದು ಸಹಜ. ನೂರನಲವತ್ತು ಕೋಟಿ ಜನ, ಒಬ್ಬ ಕ್ರೀಡಾಪಟು, 45ನೇ ಸ್ಥಾನ ಎಂದು ಸಾಲಾಗಿ ಹೇಳಿದರೆ ಅದು ಸೋಲಿನ ಕಥೆಯ ಹಾಗೆಯೇ ಕೇಳುತ್ತದೆ. ಅವರಿಗೆ ಸ್ಥಾನದ ಬದಲು ಎರಡು ಸಮಯಗಳನ್ನು ಕೊಡಿ.

2022ರ ಫೆಬ್ರವರಿ 13ರಂದು ಬೀಜಿಂಗ್ ಹೊರವಲಯದ ಯಾಂಚಿಂಗ್ ಬೆಟ್ಟದಲ್ಲಿ ಪುರುಷರ ಜೈಂಟ್ ಸ್ಲಾಲಮ್ ನಡೆಯಿತು. ಇದು ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಆಟದ ಒಂದು ಸ್ಪರ್ಧೆ. ಕಡಿದಾದ ಹಿಮದ ಇಳಿಜಾರಿನಲ್ಲಿ ಅಲ್ಲಲ್ಲಿ ಕಂಬಗಳ ಬಾಗಿಲುಗಳನ್ನು ನೆಟ್ಟಿರುತ್ತಾರೆ. ಒಂದೊಂದನ್ನೂ ಸರಿಯಾದ ಕಡೆಯಿಂದ ಹಾದು ಕೆಳಗೆ ಬರಬೇಕು. ಒಂದು ಬಾಗಿಲು ತಪ್ಪಿದರೂ ಸ್ಪರ್ಧೆಯಿಂದ ಹೊರಗೆ. ಹೀಗೆ ಎರಡು ಸಲ ಇಳಿದು, ಎರಡರ ಸಮಯವನ್ನು ಕೂಡಿಸಿ ಫಲಿತಾಂಶ ನಿರ್ಧರಿಸುತ್ತಾರೆ. ಅಂದು ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್ಮಾಟ್ ತೆಗೆದುಕೊಂಡ ಸಮಯ 2 ನಿಮಿಷ 9.35 ಸೆಕೆಂಡು. ನಮ್ಮ ಆರಿಫ್ ಖಾನ್ ತೆಗೆದುಕೊಂಡದ್ದು 2 ನಿಮಿಷ 47.24 ಸೆಕೆಂಡು. ವ್ಯತ್ಯಾಸ 37.89 ಸೆಕೆಂಡು, ಅಂದರೆ ಗೆದ್ದವನ ಸಮಯಕ್ಕಿಂತ ಶೇಕಡಾ 29ರಷ್ಟು ಹೆಚ್ಚು.

ಇದನ್ನು ಮಕ್ಕಳಿಗೆ ಗೊತ್ತಿರುವ ಓಟಕ್ಕೆ ಇಳಿಸಿ ನೋಡೋಣ. ನೂರು ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ದಾಖಲೆ 9.58 ಸೆಕೆಂಡು. ಅದಕ್ಕೆ ಶೇಕಡಾ 29 ಸೇರಿಸಿದರೆ ಸುಮಾರು 12.4 ಸೆಕೆಂಡು. ಅಷ್ಟರಲ್ಲಿ ಓಡುವ ಹುಡುಗ ನಮ್ಮ ಕುಂಬಳೆ ಉಪಜಿಲ್ಲಾ ಕ್ರೀಡಾಕೂಟದಲ್ಲಿ ಪದಕದ ಆಸೆ ಇಟ್ಟುಕೊಳ್ಳಬಹುದು; ಒಲಿಂಪಿಕ್ಸ್‌ನಲ್ಲಿ ಅಲ್ಲ. ಎರಡು ಆಟಗಳ ಅಂತರ ಒಂದೇ ಬಗೆಯದಲ್ಲವಾದರೂ ಲೆಕ್ಕದ ಅಂದಾಜಿಗೆ ಇದು ಸಾಕು. ಅಂತರ ದೊಡ್ಡದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ‘ಭಾಗವಹಿಸಿದ್ದೇ ಗೆಲುವು’ ಎಂಬ ಮಾತು ಮಕ್ಕಳಿಗೆ ಬೇಡ. ಅವರಿಗೆ ಅಂತರ ಕಾಣಲಿ, ಅದು ಎಲ್ಲಿಂದ ಬಂತು ಎಂಬುದೂ ಕಾಣಲಿ.

ಅಂದು ಜೋರಾಗಿ ಹಿಮ ಸುರಿಯುತ್ತಿತ್ತು. ಮುಂದಿನ ಬಾಗಿಲು ಸರಿಯಾಗಿ ಕಾಣುತ್ತಿರಲಿಲ್ಲ. ಇಳಿಯಲು ನಿಂತವರು ಸುಮಾರು ತೊಂಬತ್ತು ಮಂದಿ, ಎರಡೂ ಸಲ ಗುರಿ ಮುಟ್ಟಿದವರು ಅವರಲ್ಲಿ ಹತ್ತಿರ ಹತ್ತಿರ ಅರ್ಧ ಮಾತ್ರ. ಜಗತ್ತಿನ ಒಳ್ಳೆಯ ಸ್ಕೀ ಪಟುಗಳೆಷ್ಟೋ ಮಂದಿ ಅಂದು ಬಿದ್ದರು, ಬಾಗಿಲು ತಪ್ಪಿದರು. ಈ ಆಟದಲ್ಲಿ ಶ್ರೇಯಾಂಕದಲ್ಲಿ ಹಿಂದಿರುವವರು ಕೊನೆಯಲ್ಲಿ ಇಳಿಯುತ್ತಾರೆ. ಅಷ್ಟರಲ್ಲಿ ಮುಂದೆ ಇಳಿದವರ ಹಲಗೆಗಳು ತಿರುವುಗಳಲ್ಲಿ ಕಾಲುವೆ ತೋಡಿರುತ್ತವೆ. ಆರಿಫ್ ಆ ದಾರಿಯಲ್ಲಿ ಎರಡು ಸಲ ನಿಂತೇ ಇಳಿದರು. ಮೂರು ದಿನಗಳ ನಂತರ ನಡೆದ, ಬಾಗಿಲುಗಳು ಇನ್ನೂ ಹತ್ತಿರ ಹತ್ತಿರವಿರುವ ಸ್ಲಾಲಮ್ ಸ್ಪರ್ಧೆಯಲ್ಲಿ ಅವರಿಗೆ ಮೊದಲ ಇಳಿತವನ್ನೇ ಮುಗಿಸಲಾಗಲಿಲ್ಲ. ಈ ಎರಡು ಫಲಿತಾಂಶಗಳನ್ನೂ ಮಕ್ಕಳಿಗೆ ಹೇಳಿ.

ಅವರು ಅಲ್ಲಿಗೆ ತಲುಪಿದ ಬಗೆ ನಮ್ಮ ಜಿಲ್ಲೆಯ ಮಕ್ಕಳಿಗೆ ವಿಶೇಷವಾಗಿ ಹಿಡಿಸೀತು. ಯಾರೂ ಸುಮ್ಮನೆ ಒಲಿಂಪಿಕ್ಸ್‌ಗೆ ಹೋಗಲಾಗುವುದಿಲ್ಲ. ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ ಇಳಿದು, ಗೆದ್ದವನಿಗಿಂತ ಎಷ್ಟು ಸಮಯ ಹಿಂದಿದ್ದೇವೆ ಎಂಬುದರ ಮೇಲೆ ಅಂಕ ಪಡೆಯಬೇಕು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಒಂದು ಮಿತಿಗಿಂತ ಕೆಳಗಿಳಿದರೆ ಮಾತ್ರ ಅರ್ಹತೆ. ಹಾಗಾಗಿ ಸ್ಥಾನಕ್ಕಿಂತ ಸಮಯದ ಅಂತರ ಮುಖ್ಯ ಎಂಬುದು ನಾನು ಕಟ್ಟಿದ ಮಾತಲ್ಲ, ಆ ಆಟವೇ ತನ್ನನ್ನು ಅಳೆದುಕೊಳ್ಳುವ ಕ್ರಮ. ಕಾಶ್ಮೀರದ ಟಂಗ್‌ಮಾರ್ಗ್‌ನ ಆರಿಫ್‌ಗೆ ಸ್ಲಾಲಮ್ ಅರ್ಹತೆ ಸಿಕ್ಕಿದ್ದು ದುಬೈನಲ್ಲಿ! ಅಲ್ಲಿನ ಮಾಲೊಂದರೊಳಗೆ ಛಾವಣಿಯ ಕೆಳಗೆ, ಯಂತ್ರ ಮಾಡಿದ ಹಿಮದ ಇಳಿಜಾರಿನಲ್ಲಿ. ಅದರ ಅತಿ ಉದ್ದದ ಇಳಿತ ಸುಮಾರು 400 ಮೀಟರ್. ಅನಂತರ ಮಾಂಟೆನೆಗ್ರೊದಲ್ಲಿ ಜೈಂಟ್ ಸ್ಲಾಲಮ್ ಅರ್ಹತೆಯೂ ದೊರೆಯಿತು. ಒಂದೇ ಚಳಿಗಾಲದ ಒಲಿಂಪಿಕ್ಸ್‌ನ ಎರಡು ಸ್ಪರ್ಧೆಗಳಿಗೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಅವರು. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳ ತಂದೆಯೋ ಮಾವನೋ ದುಬೈನಲ್ಲಿದ್ದಾರೆ ಎಂದು ಕೈ ಎತ್ತಿಸಿ ನೋಡಿ. ಹಿಮಾಲಯದ ತಪ್ಪಲಿನವನೊಬ್ಬ ಹಿಮ ಹುಡುಕಿಕೊಂಡು ನಮ್ಮವರು ದುಡಿಯುವ ಮರಳುಗಾಡಿಗೆ ಹೋಗಬೇಕಾಯಿತು ಎಂಬುದು ನನ್ನ ಮಟ್ಟಿಗೆ ಭಾರತದ ಚಳಿಗಾಲದ ಕ್ರೀಡೆಯ ಸ್ಥಿತಿಯನ್ನು ಇಡಿಯಾಗಿ ಹೇಳುತ್ತದೆ.

ಹಿಮಾಲಯ ಇರುವಾಗ ಹಿಮಕ್ಕೇನು ಬರ ಎಂದು ನೀವು ಕೇಳಬಹುದು. ಬೆಟ್ಟದ ಮೇಲೆ ಹಿಮ ಬಿದ್ದಿರುವುದು ಬೇರೆ, ಆ ಹಿಮದ ಮೇಲೆ ಒಬ್ಬ ಕ್ರೀಡಾಪಟು ಕಳೆಯುವ ದಿನಗಳು ಬೇರೆ. ನಾನು ಹುಟ್ಟಿ ಬೆಳೆದದ್ದು ಕುಂಬಳೆ ಸೀಮೆಯಲ್ಲಿ. ಹಿಮವನ್ನು ಮೊದಲು ಮುಟ್ಟಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗುಲ್ಮಾರ್ಗ್‌ನಲ್ಲಿ ಎರಡು ವಾರಗಳ ಆರಂಭಿಕ ಶಿಬಿರಕ್ಕೆ ಹೋದಾಗ. ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆ ಹಾಳೆಯನ್ನು ಹೆಗಲಿಗೇರಿಸಿ ನಡೆದವನಿಗೆ ಜಾರುವ ನೆಲ ಹೊಸದಲ್ಲ ಎಂಬ ಧೈರ್ಯ ಇತ್ತು. ಮೊದಲ ದಿನವೇ ಅದು ತಪ್ಪೆಂದು ಗೊತ್ತಾಯಿತು. ಪಾಚಿಯ ಮೇಲೆ ನಾವು ಜಾರದ ಹಾಗೆ ಮೈಯನ್ನು ಹಿಂದಕ್ಕೆ ಎಳೆದುಕೊಂಡು ಹೆಜ್ಜೆ ಊರುತ್ತೇವೆ. ಸ್ಕೀ ಹಲಗೆಯ ಮೇಲೆ ಹಿಂದಕ್ಕೆ ವಾಲಿದರೆ ಹಿಡಿತವೇ ಇರುವುದಿಲ್ಲ. ಕೆಳಗಿನ ಕಣಿವೆಯತ್ತ ಮೈ ಚಾಚಬೇಕು, ಮೊಣಕಾಲಿನ ಕೆಳಗಿನ ಕಾಲಿನ ಮುಂಭಾಗ ಬೂಟಿಗೆ ಒತ್ತಬೇಕು, ಹಲಗೆಯ ಉಕ್ಕಿನ ಅಂಚು ಹಿಮವನ್ನು ಕಚ್ಚಬೇಕು. ಜಾರಿ ಬೀಳುವ ಭಯದಿಂದ ಮೈ ಕಲಿತದ್ದನ್ನೆಲ್ಲ ಮೈಯೇ ಮರೆಯಬೇಕು. ಅದಕ್ಕೆ ಬುದ್ಧಿ ಸಾಲದು, ದಿನಗಳೇ ಬೇಕು. ಹದಿನಾಲ್ಕು ದಿನಗಳ ಕೊನೆಗೆ ನಾನು ಕಲಿತದ್ದು ಬೀಳದೆ ನಿಲ್ಲುವುದು ಮತ್ತು ಎಡಕ್ಕೆ ಚೆನ್ನಾಗಿ ತಿರುಗುವುದು. ಬಲಕ್ಕೆ ತಿರುಗುವುದು ಕೊನೆಗೂ ಕೈಗೂಡಲಿಲ್ಲ.

ಕಂಬಳದ ಊರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪೈವಳಿಕೆಯ ಬೋಳಂಗಳದ ಕರೆಯಲ್ಲಿ, ಅಂದರೆ ಕಂಬಳದ ಕೆಸರಿನ ಓಟದ ದಾರಿಯಲ್ಲಿ, ಕೋಣ ಓಡಿಸುವವನನ್ನು ನೋಡಿದ ಮಕ್ಕಳು ನಿಮ್ಮಲ್ಲಿರುತ್ತಾರೆ. ಅಲ್ಲೂ ಈಗ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಸಮಯ ಅಳೆಯುತ್ತಾರೆ. ಆ ಓಟಗಾರ ಋತು ಶುರುವಾಗುವುದಕ್ಕೆ ಮೊದಲೇ ಕುದಿ ಎಂದು ನಾವು ಕರೆಯುವ ಅಭ್ಯಾಸದ ಓಟಗಳಲ್ಲಿ ಕೆಸರಿಗೆ ಕಾಲು ಪಳಗಿಸಿಕೊಂಡಿರುತ್ತಾನೆ. ಕರೆಯೇ ಇಲ್ಲದ ಊರಿನವನೊಬ್ಬನನ್ನು ವರ್ಷಕ್ಕೆ ನಾಲ್ಕು ವಾರ ಮಾತ್ರ ಕೆಸರಿಗಿಳಿಸಿ, ಉಳಿದ ದಿನ ಗದ್ದೆಯ ಬದುವಿನಲ್ಲಿ ಓಡಿಸಿ, ಕೊನೆಗೆ ದೊಡ್ಡ ಕಂಬಳಕ್ಕೆ ಕರೆತಂದರೆ ಏನಾದೀತು? ಆರಿಫ್ ಎದುರಿಸಿದ ಯುರೋಪಿನ ಹುಡುಗರು ನಡೆಯಲು ಕಲಿತ ಕೂಡಲೇ ಸ್ಕೀ ಕಲಿತವರು. ನಮ್ಮಲ್ಲಿ ನೈಸರ್ಗಿಕ ಹಿಮ ಬೀಳದಿದ್ದರೆ ಸ್ಪರ್ಧೆಯನ್ನೇ ಮುಂದೂಡಬೇಕು. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮದ ಕೊರತೆಯಿಂದ ಫೆಬ್ರವರಿಯಿಂದ ಮಾರ್ಚ್‌ಗೆ ಹೋಯಿತು. ಅದೇ ಬೀಜಿಂಗ್ ಒಲಿಂಪಿಕ್ಸ್‌ನ ಇಳಿಜಾರುಗಳನ್ನು ಬಹುತೇಕ ಪೂರ್ತಿಯಾಗಿ ಯಂತ್ರದ ಹಿಮದಿಂದ ಕಟ್ಟಲಾಗಿತ್ತು.

ಇನ್ನು ನಮ್ಮ ರೈಲುಮಾರ್ಗದ ಮನುಷ್ಯನ ಕಥೆ. ಕಾಸರಗೋಡಿನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ಸಿಗುವ ತಲಶ್ಶೇರಿ ಶಿವ ಕೇಶವನ್ ಅವರ ತಂದೆಯ ಊರು. ತಾಯಿ ಇಟಲಿಯವರು. ಶಿವ ಹುಟ್ಟಿದ್ದು ಮನಾಲಿಯ ಪಕ್ಕದ ವಶಿಷ್ಠ ಎಂಬ ಹಳ್ಳಿಯಲ್ಲಿ, 1981ರಲ್ಲಿ. ಅವರ ಆಟ ಲ್ಯೂಜ್: ಚಿಕ್ಕದೊಂದು ಜಾರುಬಂಡಿಯ ಮೇಲೆ ಕಾಲು ಮುಂದಾಗಿ ಅಂಗಾತ ಮಲಗಿ, ಮಂಜುಗಡ್ಡೆಯ ಕೊಳವೆಯಂಥ ದಾರಿಯಲ್ಲಿ ಗಂಟೆಗೆ ನೂರಮೂವತ್ತು ಕಿಲೋಮೀಟರ್ ಮೀರುವ ವೇಗದಲ್ಲಿ ಇಳಿಯುವುದು. ಸಮಯವನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದವರೆಗೆ ಅಳೆಯುತ್ತಾರೆ. ಬಂಡಿಯನ್ನು ತಿರುಗಿಸಲು ಚಕ್ರವಿಲ್ಲ, ನಿಲ್ಲಿಸಲು ಬ್ರೇಕಿಲ್ಲ. ಮೀನಖಂಡದಿಂದ ಬಂಡಿಯ ಬಾಗಿದ ಮುಂಭಾಗಕ್ಕೆ ಒತ್ತಬೇಕು, ಭುಜದಿಂದ ಭಾರ ಬದಲಿಸಬೇಕು. ತಲೆ ಎತ್ತಿದರೆ ಗಾಳಿ ತಡೆದು ವೇಗ ಕಡಿಮೆಯಾಗುತ್ತದೆ, ಎತ್ತದಿದ್ದರೆ ದಾರಿ ಕಾಣುವುದಿಲ್ಲ. ಆದ್ದರಿಂದ ಪಳಗಿದವರು ದಾರಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ, ಯಾವ ತಿರುವಿನಲ್ಲಿ ಮೈ ಎಷ್ಟು ಭಾರವಾಗುತ್ತದೆ ಎಂಬುದರಿಂದಲೇ ಮುಂದಿನ ತಿರುವನ್ನು ಗುರುತಿಸುತ್ತಾರೆ.

ಭಾರತದಲ್ಲಿ ಇಂಥ ಕೃತಕ ದಾರಿ ಒಂದೂ ಇಲ್ಲ. ಶಿವ ಏನು ಮಾಡಿದರು? ಜಾರುಬಂಡಿಗೆ ಗಾಲಿ ಕಟ್ಟಿಕೊಂಡು ಹಿಮಾಲಯದ ಡಾಂಬರು ರಸ್ತೆಗಳಲ್ಲಿ ಇಳಿದರು. ಲಾರಿಗಳ ನಡುವೆ, ಕುರಿಮಂದೆಗಳ ನಡುವೆ ಅವರು ಮಲಗಿಕೊಂಡು ಹೋಗುವ ಚಿತ್ರಿಕೆಯನ್ನು ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸಿ. 1998ರ ನಗಾನೊ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ಹದಿನಾರು ವರ್ಷ. ಭಾರತದಿಂದ ಅವರೊಬ್ಬರೇ. ಪಡೆದದ್ದು 28ನೇ ಸ್ಥಾನ. ಅಲ್ಲಿಂದ 2018ರ ಪ್ಯೊಂಗ್‌ಚಾಂಗ್‌ವರೆಗೆ ಆರು ಒಲಿಂಪಿಕ್ಸ್, ಇಪ್ಪತ್ತು ವರ್ಷ. 2006ರ ಟ್ಯೂರಿನ್‌ನ 25ನೇ ಸ್ಥಾನ ಅವರ ಅತ್ಯುತ್ತಮ ಒಲಿಂಪಿಕ್ ಸಾಧನೆ. 2011ರಲ್ಲಿ ಏಷ್ಯಾ ಮಟ್ಟದ ಚಿನ್ನ ಗೆದ್ದರು, ಆಮೇಲೂ ಗೆದ್ದರು. ಏಷ್ಯಾದ ಲ್ಯೂಜ್‌ನಲ್ಲಿ ಜಪಾನ್, ಕೊರಿಯಾಗಳ ಕಣ ಚಿಕ್ಕದು, ನಿಜ. ಆದರೆ ಜಪಾನ್‌ನಲ್ಲಿ ದಾರಿ ಇತ್ತು, ನಮ್ಮಲ್ಲಿ ಇರಲಿಲ್ಲ.

ಅವರ ಆರು ಒಲಿಂಪಿಕ್ಸ್‌ಗಳಲ್ಲಿ 2014ರ ಸೋಚಿಯನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಡಿಸೆಂಬರ್‌ನಲ್ಲಿ ಅಮಾನತು ಮಾಡಿತ್ತು. ಹಾಗಾಗಿ ಉದ್ಘಾಟನೆಯ ದಿನ ಶಿವ, ಸ್ಕೀ ಪಟುಗಳಾದ ಹಿಮಾಂಶು ಠಾಕೂರ್ ಮತ್ತು ನದೀಮ್ ಇಕ್ಬಾಲ್ ತ್ರಿವರ್ಣವಿಲ್ಲದೆ, ಒಲಿಂಪಿಕ್ ಧ್ವಜದ ಹಿಂದೆ ನಡೆದರು. ಅಭ್ಯಾಸದ ಒಂದು ಇಳಿತದಲ್ಲಿ ಶಿವ ತಿರುವಿನಲ್ಲಿ ಬಂಡಿಯಿಂದ ಬಿದ್ದರು. ಬಂಡಿಯನ್ನು ಕೈಬಿಡದೆ, ಜಾರುತ್ತಿರುವಾಗಲೇ ಮತ್ತೆ ಅದರ ಮೇಲೇರಿ ಓಟ ಮುಗಿಸಿದರು. ಅವರ ಸ್ಪರ್ಧೆ ಮುಗಿದ ಮೇಲೆ, ಫೆಬ್ರವರಿ 11ರಂದು ಅಮಾನತು ತೆರವಾಯಿತು. ಎರಡು ದಿನ ಮೊದಲು ತೆರವಾಗಿದ್ದರೆ ಫಲಕದಲ್ಲಿ ಅವರ ಹೆಸರಿನ ಮುಂದೆ ಭಾರತ ಎಂದಿರುತ್ತಿತ್ತು. ಆ ಕೂಟದಲ್ಲಿ ಅವರದು 37ನೇ ಸ್ಥಾನ. ಆ ಸ್ಥಾನಕ್ಕಾಗಿ ನಕ್ಕವರಿಗೆ ಈ ಕಥೆ ಗೊತ್ತಿರಲಿಲ್ಲ ಎಂದೇ ಭಾವಿಸುತ್ತೇನೆ.

ಪ್ಯೊಂಗ್‌ಚಾಂಗ್‌ನಲ್ಲಿ ಸೈನಿಕ ಜಗದೀಶ್ ಸಿಂಗ್ ಕೂಡ ಇದ್ದರು. 15 ಕಿಲೋಮೀಟರ್ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ, ಅಂದರೆ ಸ್ಕೀ ಹಲಗೆಗಳ ಮೇಲಿನ ದೂರದ ಓಟದಲ್ಲಿ, 103ನೇ ಸ್ಥಾನ, 43 ನಿಮಿಷ. ಗೆದ್ದ ಡಾರಿಯೊ ಕೊಲೊನ್ಯಾ 33 ನಿಮಿಷ 43.9 ಸೆಕೆಂಡು. ಅಂತರ ಶೇಕಡಾ 27. ಆರಿಫ್ ಅವರ ಅಂತರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಆಟ ಬೇರೆ, ವರ್ಷ ಬೇರೆ, ಒಬ್ಬರು 45ನೆಯವರು, ಇನ್ನೊಬ್ಬರು 103ನೆಯವರು. ಆದರೂ ಗೆದ್ದವನಿಂದ ಇಬ್ಬರೂ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದಾರೆ. ಈ ದೂರ ಒಬ್ಬ ವ್ಯಕ್ತಿಯ ದೌರ್ಬಲ್ಯವಲ್ಲ, ದೇಶವೊಂದು ತನ್ನ ಆಟಗಾರರಿಗೆ ಕೊಟ್ಟ ಹಿಮದ ದಿನಗಳ ಲೆಕ್ಕ ಎಂದು ನಾನು ನಂಬಿರುವುದು ಇದನ್ನು ನೋಡಿಯೇ.

ನಾವು 1964ರ ಇನ್ಸ್‌ಬ್ರುಕ್‌ನಿಂದ ಈ ಕೂಟಕ್ಕೆ ಹೋಗುತ್ತಿದ್ದೇವೆ. 1988ರ ಕ್ಯಾಲ್ಗರಿಯಲ್ಲಿ ಶೈಲಜಾ ಕುಮಾರ್ ಭಾರತದ ಮೊದಲ ಮಹಿಳೆಯಾಗಿ ಸ್ಲಾಲಮ್‌ಗೆ ಇಳಿದು 28ನೆಯವರಾದರು. ಇಷ್ಟು ವರ್ಷಗಳಲ್ಲಿ ಒಂದು ಪದಕವೂ ಇಲ್ಲ. ಇದಕ್ಕೆ ಹವಾಮಾನವನ್ನು ದೂರುವುದನ್ನು ನಾನು ಒಪ್ಪುವುದಿಲ್ಲ. ಬೀಜಿಂಗ್‌ನಲ್ಲಿ 16 ಚಿನ್ನ ಸೇರಿ 37 ಪದಕ ಗೆದ್ದ ನಾರ್ವೆಯ ಜನಸಂಖ್ಯೆ ಸುಮಾರು ನಾಲ್ಕು ಕಾಸರಗೋಡು ಜಿಲ್ಲೆಗಳಷ್ಟು. ಅಲ್ಲಿ ಹಿಮವಿದೆ ಎನ್ನುವುದಾದರೆ, ಹಿಮವೇ ಇಲ್ಲದ ಜಮೈಕಾದ ಬಾಬ್‌ಸ್ಲೆಡ್ (ಒಟ್ಟಾಗಿ ಕುಳಿತು ಇಳಿಯುವ ಜಾರುಬಂಡಿ) ತಂಡ 1994ರ ಲಿಲ್ಲೆಹಾಮರ್‌ನಲ್ಲಿ 14ನೇ ಸ್ಥಾನ ಪಡೆದು ಅಮೆರಿಕದ ತಂಡವನ್ನೇ ಹಿಂದಿಟ್ಟಿತು. ಬೆಟ್ಟವೇ ಇಲ್ಲದ ನೆದರ್‌ಲೆಂಡ್ಸ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಜಗತ್ತನ್ನು ಆಳುತ್ತದೆ. ನಮ್ಮಲ್ಲಿ ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಒಲಿಂಪಿಕ್ ಅಳತೆಯ ಮಂಜುಗಡ್ಡೆಯ ಅಂಕಣ ಕಟ್ಟಿ, ಅನಂತರ ವರ್ಷಗಟ್ಟಲೆ ಮುಚ್ಚಿಟ್ಟರು. ಅದು ತೆರೆದಿದ್ದರೆ ಒಂದು ಇಡೀ ತಲೆಮಾರಿನ ಮಕ್ಕಳು ಅಲ್ಲಿ ಬೆಳೆಯುತ್ತಿದ್ದರು. ಅದು ಮತ್ತೆ ತೆರೆದಿರುವುದು ನನಗೆ ನಿಜವಾದ ಸಂತೋಷ.

ದಿನಗಳು ಸಿಕ್ಕಿದಲ್ಲಿ ಫಲವೂ ಬಂದಿದೆ. ಲಡಾಖ್‌ನ ಹುಡುಗಿಯರು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಐಸ್ ಹಾಕಿ ಕಲಿತವರು. ಭಾರತ ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡದ್ದು 2017ರಲ್ಲಿ, ಫಿಲಿಪ್ಪೀನ್ಸ್ ವಿರುದ್ಧ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಅದೇ ತಂಡ ಕಂಚು ಗೆದ್ದಿತು. ಲೇಹ್‌ನಲ್ಲಿ ಈಗ ಕೃತಕ ಅಂಕಣವಿರುವುದರಿಂದ ಕೆರೆ ಹೆಪ್ಪುಗಟ್ಟುವ ತನಕ ಕಾಯಬೇಕಾಗಿಲ್ಲ. ಎಂಟು ವರ್ಷಗಳಲ್ಲಿ ಮೊದಲ ಗೆಲುವಿನಿಂದ ಪದಕದವರೆಗೆ ಬಂದ ಈ ತಂಡದ ಬಗ್ಗೆ ನಮ್ಮ ರಸಪ್ರಶ್ನೆ ಪುಸ್ತಕಗಳಲ್ಲಿ ಒಂದು ಪ್ರಶ್ನೆಯಾದರೂ ಇರಬೇಕು.

ಈಗ ನಗದೆ ಕುಳಿತ ಆ ಹುಡುಗಿಗೆ. ಸಾಧ್ಯವಿದೆ ಎಂದು ಅವಳಿಗೆ ಹೇಳಿ, ಸುಲಭ ಎಂದು ಹೇಳಬೇಡಿ. ನಮ್ಮ ಪಾಣತ್ತೂರು ದಾಟಿದರೆ ಸಿಗುವ ಕೊಡಗಿನವರು ಭವಾನಿ ತೆಕ್ಕಡ ನಂಜುಂಡ. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು, ವಿದೇಶಗಳಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಕಾಫಿ, ಕರಿಮೆಣಸು ಬೆಳೆಯುವ ನೆಲದಿಂದ, ಹಿಮಪಾತವೆಂದರೇನೆಂದು ಅರಿಯದ ಊರಿನಿಂದ ಹೋದವರು.

ಬೆಟ್ಟದಿಂದ ಇಳಿಯುವ ಸ್ಕೀಯಿಂಗ್ ನಮ್ಮ ಕರಾವಳಿಯ ಮಗುವಿಗೆ ಅತಿ ಕಷ್ಟದ ದಾರಿ. ಅದಕ್ಕೆ ಇಳಿಜಾರಿನ ಹಿಮವೇ ಬೇಕು. ಕ್ರಾಸ್‌ಕಂಟ್ರಿ ಹಾಗಲ್ಲ. ಅದರಲ್ಲಿ ಮುಖ್ಯವಾಗಿ ಬೇಕಾದದ್ದು ಉಸಿರಿನ ಶಕ್ತಿ, ಅದನ್ನು ಮುಳ್ಳೇರಿಯದ ಗುಡ್ಡದ ಓಟದಲ್ಲೂ ಗಳಿಸಬಹುದು. ಯುರೋಪಿನವರೂ ಬೇಸಿಗೆಯಲ್ಲಿ ಗಾಲಿಯ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಇದಕ್ಕಿಂತಲೂ ಹತ್ತಿರದ ದಾರಿ ಸ್ಕೇಟಿಂಗ್. ಖೇಲೋ ಇಂಡಿಯಾದ ಐಸ್ ಸ್ಕೇಟಿಂಗ್‌ನಲ್ಲಿ ಪದಕ ಗೆಲ್ಲುವ ರಾಜ್ಯಗಳಲ್ಲಿ ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕಗಳಿವೆ. ಆ ಮಕ್ಕಳಲ್ಲಿ ಬಹಳ ಮಂದಿ ರೋಲರ್ ಸ್ಕೇಟಿಂಗ್‌ನಿಂದ ಮಂಜಿಗೆ ಬಂದವರು. ಒಂದೇ ಸಾಲಿನಲ್ಲಿ ಗಾಲಿಗಳಿರುವ ಸ್ಕೇಟಿನಲ್ಲಿ ಬಾಗಿ, ಹೊರಗಾಲಿನಿಂದ ತಳ್ಳಿ, ತಿರುವಿನಲ್ಲಿ ಕಾಲು ಅಡ್ಡ ಇಡುವ ಕ್ರಮ ಎರಡಕ್ಕೂ ಒಂದೇ. ಮಂಗಳೂರಿನಲ್ಲಿ ಅದರ ತರಬೇತಿ ಇದೆ. ಮಂಜೇಶ್ವರ, ಕುಂಬಳೆಯ ಮಕ್ಕಳಿಗೆ ಅದು ರೈಲಿನ ದೂರ. ಬದಿಯಡ್ಕದಿಂದ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ವಾರಾಂತ್ಯಕ್ಕಾದರೂ ಆದೀತು.

ಹೆತ್ತವರು ಖರ್ಚಿನ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಸ್ಕೇಟುಗಳಿಗೆ ಬೆಲೆ ಇದೆ, ಬೆಳೆಯುವ ಪಾದಕ್ಕೆ ಅವು ಬೇಗ ಚಿಕ್ಕದಾಗುತ್ತವೆ. ಹಳೆಯ ಜೋಡಿಯೊಂದನ್ನು ಮೊದಲು ಕೊಳ್ಳಲಿ. ಆರು ತಿಂಗಳು ಅವಳ ಆಸಕ್ತಿ ಉಳಿದರೆ ಹೊಸದನ್ನು ಯೋಚಿಸಬಹುದು. ಶಿರಸ್ತ್ರಾಣ ಮತ್ತು ಮೊಣಕಾಲಿನ ಕವಚ ಮಾತ್ರ ಮೊದಲ ದಿನದಿಂದಲೇ ಬೇಕು, ಅವುಗಳಲ್ಲಿ ಉಳಿತಾಯ ಬೇಡ. ಸ್ಕೀಯಿಂಗ್‌ನ ಮೇಲೆಯೇ ಅವಳ ಮನಸ್ಸಿದ್ದರೆ, ಗುಲ್ಮಾರ್ಗ್‌ನಲ್ಲೂ ಮನಾಲಿಯಲ್ಲೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳು ಚಳಿಗಾಲದಲ್ಲಿ ಆರಂಭಿಕ ಶಿಬಿರಗಳನ್ನು ನಡೆಸುತ್ತವೆ. ಸಲಕರಣೆಯನ್ನು ಅಲ್ಲೇ ಕೊಡುತ್ತಾರೆ. ವಯಸ್ಸಿನ ನಿಯಮವನ್ನು ನೇರವಾಗಿ ಅವರಿಂದಲೇ ತಿಳಿದುಕೊಳ್ಳಿ, ಅರ್ಜಿಯನ್ನು ಮಳೆಗಾಲ ಮುಗಿಯುವ ಮೊದಲೇ ಹಾಕಿ.

ಮುಂದಿನ ತರಗತಿಗೆ ಒಂದು ಕೆಲಸ. ಕರಿಹಲಗೆಯ ಮೇಲೆ 2:09.35 ಮತ್ತು 2:47.24 ಎಂದು ಬರೆಯಿರಿ. ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಇನ್ನೂರು ಮೀಟರ್ ಓಡಿಸಿ, ಎಲ್ಲರ ಸಮಯವನ್ನೂ ಬರೆದುಕೊಳ್ಳಿ. ಮೊದಲು ಬಂದವರಿಗಿಂತ ತಾವು ಶೇಕಡಾ ಎಷ್ಟು ಹಿಂದಿದ್ದೇವೆ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಲಿ. ಮೂರು ತಿಂಗಳು ಓಡಿಸಿದ ಮೇಲೆ ಮತ್ತೆ ಅಳೆಯಿರಿ. ಆ ಹುಡುಗಿಯ ಎರಡು ಅಂಕೆಗಳನ್ನು ನನಗೆ ಬರೆದು ಕಳುಹಿಸಿದರೆ, ಮುಂದೇನು ಮಾಡಬಹುದು ಎಂದು ಅವಳಿಗೇ ನೇರವಾಗಿ ಉತ್ತರಿಸುತ್ತೇನೆ.